ಎಡಕ್ಕೇ ಹೋಗುತ್ತಿದ್ದ ಬಾಣ

ಕಿಕ್ಕೇರಿಯ ಶಾಲೆಗೆ ವರ್ಗವಾಗಿ ಬಂದು ಎರಡು ತಿಂಗಳಾಯಿತು. ಮೊನ್ನೆ ಸಂಜೆ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ರಸ್ತೆಯಾಚೆ ಏಣಿ ಮಾಡುವವರಿಬ್ಬರು ಬಿದಿರಿನ ಗಳುವನ್ನು ಬೆಂಕಿಗೆ ಹಿಡಿದು ಡೊಂಕು ತೆಗೆಯುತ್ತಿದ್ದರು. ಬಿದಿರಿಗೆ ಬಿಸಿ ತಾಗಿದಾಗ ಒಂದು ವಾಸನೆ ಏಳುತ್ತದೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ತಳ ಹಿಡಿಯುವಾಗ ಬರುತ್ತದಲ್ಲ, ಹಾಗೆ ಸ್ವಲ್ಪ ಸಿಹಿ, ಸ್ವಲ್ಪ ಹೊಗೆ. ಕೆ.ಆರ್. ಪೇಟೆಯ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಗಳು ನೆಟ್ಟಗಾಗುವವರೆಗೂ ನೋಡುತ್ತಲೇ ನಿಂತೆ.

ಮೂರು ವರ್ಷದ ಹಿಂದೆ ಆಷಾಢದಿಂದ ದಸರೆಯವರೆಗೆ ನನ್ನ ಶನಿವಾರಗಳಿಗೆಲ್ಲ ಇದೇ ವಾಸನೆಯಿತ್ತು. ನನ್ನ ಸೀರೆಗೂ ಇತ್ತು, ಅಪ್ಪನ ಪಂಚೆಗೂ ಇತ್ತು. ಅಮ್ಮ ಮೂಗು ಮುರಿದು, “ಅಪ್ಪ ಮಗಳು ಇಬ್ಬರೂ ಸೌದೆ ಮಂಡಿಯಿಂದ ಬಂದ ಹಾಗೆ ಬರ್ತೀರಲ್ಲ” ಎನ್ನುತ್ತಿದ್ದಳು.

ನಮ್ಮದು ಶ್ರೀರಂಗಪಟ್ಟಣ. ಊರಿನಲ್ಲಿ ದೊಡ್ಡ ದೇವಸ್ಥಾನಗಳಿರುವುದರಿಂದ ನಮ್ಮ ಬೀದಿಯ ಕೊನೆಯ ನಾರಾಯಣಸ್ವಾಮಿ ಗುಡಿಯನ್ನು ಹೊರಗಿನವರು ಯಾರೂ ಕೇಳಿಕೊಂಡು ಬರುವುದಿಲ್ಲ. ಬೀದಿಯವರೇ ಭಕ್ತರು, ಬೀದಿಯವರೇ ಕಮಿಟಿ. ನನ್ನ ಅಪ್ಪ ಅಲ್ಲಿಯ ಅರ್ಚಕರು. ವರ್ಷಕ್ಕೊಂದು ದಿನ, ವಿಜಯದಶಮಿಯ ಸಂಜೆ, ಅವರು ಬಿಲ್ಲುಗಾರರೂ ಹೌದು. ಉತ್ಸವಮೂರ್ತಿಯನ್ನು ಅಡ್ಡೆಯ ಮೇಲೆ ಹೊತ್ತು ನದಿಯ ಕಡೆಯ ತೆಂಗಿನ ತೋಟದ ಬನ್ನಿಮರದ ಹತ್ತಿರ ತರುತ್ತಾರೆ. ಮರದ ಪಕ್ಕದಲ್ಲಿ ಒಂದು ಬಾಳೆಕಂದು ನೆಟ್ಟಿರುತ್ತಾರೆ. ದೇವರ ಪರವಾಗಿ ಅರ್ಚಕರು ಇಪ್ಪತ್ತು ಹೆಜ್ಜೆ ದೂರದಿಂದ ಮೂರು ಬಾಣ ಬಿಡಬೇಕು. ಮೊದಲನೆಯದು ಬಾಳೆಕಂದಿಗೆ ನಾಟಿದರೆ ಓಲಗದವರು ಬಾರಿಸುತ್ತಾರೆ, ಜನ ಬನ್ನಿ ಸೊಪ್ಪಿಗೆ ಕೈ ಹಾಕುತ್ತಾರೆ. ನಾನು ಲಂಗ ತೊಟ್ಟ ದಿನಗಳಿಂದ ನೋಡಿದ್ದೇನೆ, ಅಪ್ಪನ ಮೊದಲ ಬಾಣ ತಪ್ಪಿದ್ದೇ ಇರಲಿಲ್ಲ.

ಆಮೇಲೆ ಒಂದು ವರ್ಷ ತಪ್ಪಿತು. ಬಾಣ ಹೋಗಿ ಶಾಮಿಯಾನದ ಬಟ್ಟೆಗೆ ಚುಚ್ಚಿಕೊಂಡಿತು. ವಯಸ್ಸಾಯಿತು, ಆಗುತ್ತದೆ ಎಂದು ಎಲ್ಲರೂ ಸುಮ್ಮನಾದರು. ಮರುವರ್ಷ ಮತ್ತೆ ತಪ್ಪಿತು. ಈ ಸಲ ಬಾಣ ನೇರವಾಗಿ ಓಲಗದವರ ಡೋಲಿಗೆ ಹೋಗಿ ಚರ್ಮ ಹರಿಯಿತು. ಡೋಲಿನವರು ಡೋಲನ್ನು ಎದೆಯ ಮುಂದೆ ಹಿಡಿದಿದ್ದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಮಾರನೆಯ ದಿನ ಬೆಳಗ್ಗೆ ಕಾಫಿಯ ಹೊತ್ತಿಗೆ ಅದು ಪಾಂಡವಪುರದವರೆಗೂ ಹೋಗಿ, ಆಗಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ನನ್ನ ಎದುರಿಗೇ ಬಂದು ಕೂತಿತ್ತು. ‘ಡೋಲು ಒಡೆದ ಬಾಣ’ ಎಂದು ಅದಕ್ಕೊಂದು ಹೆಸರು ಬೇರೆ.

ಅಪ್ಪ ಆ ವಿಷಯ ಮಾತಾಡಲಿಲ್ಲ. ತೀರ್ಥ ಕೊಡುವಾಗ ಉದ್ಧರಣೆ ಹಿಡಿದ ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದುಕೊಳ್ಳಲು ಶುರುಮಾಡಿದರು, ಅಷ್ಟೆ. ನನಗೆ ಅದು ಕಂಡಿತ್ತು. ಕಂಡೂ ನಾನು ಮಾಡಿದ್ದನ್ನು ಇಲ್ಲಿ ಹೇಳಿಬಿಡಬೇಕು.

ಆಷಾಢ ಹಿಡಿಯುವ ಮುಂಚೆ ಗುಡಿಯ ಕಮಿಟಿಯ ಸಭೆ ಸೇರಿತು. ಅಕ್ಷರ ಚೆನ್ನಾಗಿದೆಯೆಂದು ನಡಾವಳಿ ಬರೆಯುವ ಕೆಲಸ ಯಾವತ್ತೂ ನನ್ನದೇ. ನಿವೃತ್ತ ಹೆಡ್‌ಮಾಸ್ಟರರಾದ ಅಧ್ಯಕ್ಷರು ಕನ್ನಡಕ ಒರೆಸುತ್ತಾ, “ಮುಂದಿನ ದಸರೆಯಿಂದ ಬಾಣ ಬಿಡೋದು ಬೇಡ. ಸಾಂಕೇತಿಕವಾಗಿ ಕೈಯಿಂದ ಬಾಳೆಕಂದಿಗೆ ಸಮರ್ಪಿಸಲಿ. ಏನಂತೀಯಮ್ಮ ಸುಧಾ?” ಎಂದರು. ಅವರು ನನ್ನ ಮುಖ ನೋಡಿ ಕೇಳಲಿಲ್ಲ, ನೆಲ ನೋಡಿ ಕೇಳಿದರು. ನಾನು ತಲೆಯಾಡಿಸಿದೆ. ಅಪ್ಪ ಗರ್ಭಗುಡಿಯಲ್ಲಿ ಮಂಗಳಾರತಿಯ ಗಂಟೆ ಬಾರಿಸುತ್ತಿದ್ದರು. ಆ ಸದ್ದು ಕಿವಿಗೆ ಬೀಳುತ್ತಿರುವಾಗಲೇ ನಾನು ನನ್ನ ಕೈಯಾರೆ ಆ ಠರಾವು ಬರೆದೆ. ಜನರ ಮುಂದೆ ಅಪ್ಪ ಮತ್ತೊಮ್ಮೆ ನಗೆಪಾಟಲಾಗದಿದ್ದರೆ ಸಾಕು ಎನಿಸಿತ್ತು.

ಆಗ ನಾನು ಚಿನಕುರಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಅಲ್ಲಿ ಬಿಸಿಯೂಟದ ಅಡುಗೆ ಭಾಗ್ಯಮ್ಮನದು. ಅವರದು ಬೇಸಾಯದ ಮನೆ. ಎರಡು ಸೀಮೆಹಸು, ಒಂದಿಷ್ಟು ಗದ್ದೆ, ಬೆಳಗ್ಗೆ ಡೈರಿಗೆ ಹಾಲು ಹಾಕಿ ಸೀದಾ ಶಾಲೆಗೆ ಬರುತ್ತಿದ್ದರು. ಆಕೆಯ ಮಗಳು ಸೌಮ್ಯ ನಮ್ಮ ಶಾಲೆಯಲ್ಲೇ ಬಿದಿರಿನ ಬಿಲ್ಲು ಹಿಡಿದು ಬಾಣ ಬಿಡಲು ಕಲಿತವಳು. ಈಗ ಮೈಸೂರಿನ ಕ್ರೀಡಾ ಹಾಸ್ಟೆಲಿನಲ್ಲಿದ್ದಾಳೆ. ಕಲಿಸುತ್ತಿದ್ದ ಪಿ.ಟಿ. ಮೇಷ್ಟರಿಗೆ ನಡುವೆಯೇ ವರ್ಗವಾದಾಗ ಹುಡುಗಿಯ ಬಾಣಗಳನ್ನು ನೋಡಿಕೊಳ್ಳುವವರು ಇಲ್ಲವಾದರು. ಆಗ ತಾಯಿಯೇ ಬಿಸಿಯೂಟದ ಒಲೆಯ ಮುಂದೆ ಕೂತು, ಸಾರು ಕುದಿಯುವಷ್ಟರಲ್ಲಿ ಬಾಣದ ಡೊಂಕು ತಿದ್ದಲು ಕಲಿತಿದ್ದರು. ನಾನು ಅದನ್ನು ಎಷ್ಟೋ ಸಲ ನೋಡಿದ್ದೆ. ಪಾಪ, ಮಗಳ ಹುಚ್ಚಿಗೆ ತಾಯಿ ಕುಣಿಯುತ್ತಾರೆ ಎಂದುಕೊಂಡಿದ್ದೆನೇ ಹೊರತು ಅದರಲ್ಲಿ ವಿದ್ಯೆಯಿದೆ ಎಂದು ನನಗೆ ತೋಚಿರಲಿಲ್ಲ. ವಿಜ್ಞಾನದ ಮೇಡಂ ಎನ್ನುವ ಕೊಬ್ಬು ಸಣ್ಣದಲ್ಲ.

ಸಭೆಯ ಮಾರನೆಯ ದಿನ ಊಟದ ಬಿಡುವಿನಲ್ಲಿ ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ಕೂತಿದ್ದೆ. ಭಾಗ್ಯಮ್ಮ ಸೌಟು ಕೆಳಗಿಟ್ಟು, “ಯಾಕ್ ಮೇಡಂ, ಮಕ ಇಂಗ್ ಮಾಡ್ಕೊಂಡಿದ್ದೀರಿ?” ಎಂದರು. ನಾನು ಮೊಬೈಲಿನ ಆ ವಿಡಿಯೋ ತೋರಿಸಿದೆ. ಎಲ್ಲರ ಹಾಗೆ ನಗುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ.

“ಇದು ಯಾವ ಕಡೀಕೆ ಓಯ್ತು, ಎಡಕ್ಕಲ್ವಾ?” ಎಂದು ಕೇಳಿದರು.

“ಹೌದು.”

“ಅದಕ್ಕೆ ಮುಂಚಿನ ವರ್ಸ?”

ನೆನೆಸಿಕೊಂಡೆ. ಶಾಮಿಯಾನ ಹಾಕಿದ್ದು ಎಡಗಡೆಗೆ. “ಅದೂ ಎಡಕ್ಕೇ.”

“ಅಂಗಾರೆ ನಿಮ್ಮಪ್ಪಾರ ಕೈಯಲ್ಲಿ ದೋಸ ಇಲ್ಲ ಬುಡಿ” ಎಂದು ಸೌಟು ಕೈಗೆತ್ತಿಕೊಂಡರು. “ಕೈ ನಡುಗ್ದ್ರೆ ಒಂದ್ ದಪ ಅತ್ಲಾಗೆ, ಒಂದ್ ದಪ ಇತ್ಲಾಗೆ ಓಯ್ತದೆ. ಎಲ್ಡ್ ದಪವೂ ಒಂದೇ ಕಡೀಕೆ ಓಯ್ತು ಅಂದ್ರೆ ಅದು ಬಾಣದ ತಪ್ಪು ಕಣ್ ಮೇಡಂ. ಬಾಣ ಬದಲಾಯ್ಸಿದ್ರಾ?”

ಬದಲಾಯಿಸಿದ್ದರು. ಎರಡು ವರ್ಷದ ಹಿಂದೆ ಬೀದಿಯ ಭಕ್ತರೊಬ್ಬರು ಹಳೆಯ ಬಿದಿರಿನ ಬಾಣಗಳು ಹುಳ ಹಿಡಿದಿವೆಯೆಂದು ತೇಗದ ಮರದಲ್ಲಿ ಕಡೆಸಿದ, ಹಿತ್ತಾಳೆ ಮೊನೆಯ ಹೊಸ ಬಾಣಗಳನ್ನು ಮಾಡಿಸಿಕೊಟ್ಟಿದ್ದರು. ಅವು ಎಷ್ಟು ಚಂದವಿದ್ದವೆಂದರೆ ನಾನೇ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದ್ದೆ. ಮಕ್ಕಳಿಗೆ ಪ್ರಯೋಗ ಮಾಡಿಸುವಾಗ ‘ಒಂದೇ ಕಡೆಗೆ ತಪ್ಪುತ್ತಿದ್ದರೆ ಉಪಕರಣ ನೋಡಿ’ ಎಂದು ವರ್ಷವರ್ಷವೂ ಹೇಳುವವಳು ನಾನು. ಹೆತ್ತಪ್ಪನ ವಿಷಯದಲ್ಲಿ ಮಾತ್ರ ಉಪಕರಣ ಬಿಟ್ಟು ಮನುಷ್ಯನನ್ನೇ ಹಿಡಿದಿದ್ದೆ. ನಾಚಿಕೆಯಾಯಿತು, ಜೊತೆಗೆ ಕುಣಿಯಬೇಕು ಅನ್ನಿಸುವಷ್ಟು ಖುಷಿಯೂ ಆಯಿತು.

ಸಂಜೆ ಮನೆಗೆ ಹೋದವಳೇ ಚಪ್ಪಲಿ ಬಿಡುವ ಮುಂಚೆ ಅಪ್ಪನಿಗೆ ಹೇಳಿದೆ. ಅವರು ಹೂ ಕಟ್ಟುತ್ತಿದ್ದರು. “ಎರಡೂ ವರ್ಷ ಎಡಕ್ಕಾ?” ಎಂದು ಒಮ್ಮೆ ಕೇಳಿದರು. ಆಮೇಲೆ ಬಹಳ ಹೊತ್ತು ಬರೀ ತುಳಸಿ, ದಾರ, ತುಳಸಿ, ದಾರ. ಕೊನೆಗೆ “ಅಡುಗೆ ಮಾಡೋ ಹೆಣ್ಣುಮಗಳಿಗೆ ಬಾಣದ ವಿಷಯ ಏನು ಗೊತ್ತಿರುತ್ತೆ, ಬಿಡು” ಎಂದರು. ಅಮ್ಮ ಒಳಗಿನಿಂದಲೇ, “ಅಡುಗೆ ಮಾಡೋರಿಗೆ ಏನೂ ಗೊತ್ತಿಲ್ಲದಿದ್ರೆ ನೀವು ಇಷ್ಟು ವರ್ಷ ಬದುಕಿರ್ತಿರಲಿಲ್ಲ” ಎಂದಳು. ಶನಿವಾರ ಅಪ್ಪ ಬಿಲ್ಲನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಚಿನಕುರಳಿಯ ಬಸ್ಸು ಹತ್ತಿದರು.

ಶನಿವಾರ ಬೆಳಗಿನ ಶಾಲೆ. ಹನ್ನೊಂದೂವರೆಗೆ ಬಿಟ್ಟರೆ ನಾನು ಬಸ್ ನಿಲ್ದಾಣದಿಂದ ಅಪ್ಪನನ್ನು ಕರೆದುಕೊಂಡು ಭಾಗ್ಯಮ್ಮನ ಮನೆಗೆ ಹೋಗುತ್ತಿದ್ದೆ. ದೂರದಲ್ಲಿ ಕಲ್ಲು ಕ್ವಾರಿಯ ಸದ್ದು, ಹತ್ತಿರದಲ್ಲಿ ನಾಲೆಯ ನೀರಿನ ಸದ್ದು. ಅಣೆಕಟ್ಟೆ ತುಂಬುವ ಸುದ್ದಿಯಿದ್ದ ವರ್ಷ ಅದು. ಗದ್ದೆಗಳಲ್ಲಿ ನಾಟಿ ನಡೆದಿತ್ತು, ಮಳೆ ಸುರಿಯುತ್ತಲೂ ಇರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ಭಾಗ್ಯಮ್ಮನ ಅಂಗಳದ ಕೊನೆಯಲ್ಲಿ ಹುಲ್ಲಿನ ಮೆದೆ, ಅದಕ್ಕೆ ಒರಗಿಸಿದ ಗೋಣಿಚೀಲ. ಅದೇ ಗುರಿ.

ಮೊದಲ ದಿನ ಅವರು ತೇಗದ ಬಾಣವನ್ನು ಕೈಯಲ್ಲಿ ಹಿಡಿದು ಮಂಡಿಗೆ ಒತ್ತಿ ಬಗ್ಗಿಸಲು ನೋಡಿದರು. ಅದು ಜಪ್ಪಯ್ಯ ಎನ್ನಲಿಲ್ಲ. ಆಮೇಲೆ ಅಪ್ಪನ ಬಿಲ್ಲನ್ನು ಎಳೆದು ನೋಡಿದರು.

“ಐನೋರೆ, ಬಿಲ್ಲು ಮುದುಕಾಗದೆ, ಮೆತ್ತಗದೆ. ಬಾಣ ನೋಡುದ್ರೆ ಒನಕೆ. ಬಾಣ ಬಿಲ್ಲಿನ ಮಗ್ಗುಲಾಗ್ ಕುಂತಿರ್ತದಲ್ವಾ? ಬುಟ್ಟೇಟ್ಗೆ ಅದು ಮೀನಿನಂಗೆ ಬಳುಕ್ಕೊಂಡು ಬಿಲ್ಲನ್ನ ಸುತ್ತಾಕ್ಕೊಂಡ್ ಓಗ್ಬೇಕು. ಬಳುಕ್ದೇ ಇದ್ರೆ ಬಿಲ್ಲಿಗ್ ಗುದ್ದಿ ಎಡಕ್ಕೋಯ್ತದೆ. ತೀರಾ ಬಳುಕುದ್ರೆ ಬಲಕ್ಕೋಯ್ತದೆ.”

ಅಪ್ಪ ಆಕೆಯ ಮುಖವನ್ನೇ ನೋಡಿದರು. “ಇದನ್ನ ನಮ್ಮ ತಂದೆಯವರು ಹೇಳಿರಲಿಲ್ಲವಲ್ಲಮ್ಮ” ಎಂದರು.

“ಅವ್ರ ಕಾಲ್ದಲ್ಲಿ ಬಾಣ ಮಾಡೋರ್ಗೆ ಗೊತ್ತಿತ್ತು ಐನೋರೆ. ಬುಡೋರ್ಗೆ ಯಾಕ್ ಯೋಳ್ತಾರೆ?”

ನಂಬಿಕೆ ಬಾರದೆ ನಾನು ಮೊಬೈಲನ್ನು ನಿಧಾನಗತಿಗೆ ಇಟ್ಟು ಸೌಮ್ಯಳ ಹಳೆಯ ಬಾಣವೊಂದನ್ನು ಅಪ್ಪ ಬಿಟ್ಟಾಗ ಹಿಡಿದೆ. ಬಾಣ ನಿಜವಾಗಿಯೂ ಮೀನಿನ ಹಾಗೆ ಮೈ ಕುಣಿಸುತ್ತಾ ಬಿಲ್ಲನ್ನು ದಾಟಿ, ಆಮೇಲೆ ನೆಟ್ಟಗಾಯಿತು. ಅಪ್ಪ ಆ ವಿಡಿಯೋವನ್ನು ಏಳೆಂಟು ಸಲ ನೋಡಿದರು. ಮೊಬೈಲ್ ಎಂದರೆ ಮುಖ ಸಿಂಡರಿಸುತ್ತಿದ್ದವರು ಅದನ್ನು ಕೈಯಿಂದ ಕೊಡಲೇ ಇಲ್ಲ.

ಅಲ್ಲಿಂದ ಕೆಲಸ ಶುರುವಾಯಿತು. ಭಾಗ್ಯಮ್ಮ ತೆಳು ಬಿದಿರಿನ ಕಡ್ಡಿಗಳನ್ನು ಆರಿಸಿ ತಂದು ಕೆಂಡದ ಮೇಲೆ ತಿರುಗಿಸುತ್ತಾ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ, ಡೊಂಕು ಕಂಡಲ್ಲಿ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಆಮೇಲೆ ಗಾಜಿನ ಚೂರಿನಿಂದ ನವಿರಾಗಿ ಹೆರೆಯುವುದು. ಹೆರೆದಷ್ಟೂ ಬಾಣ ಬಳುಕುತ್ತದೆ, ತುದಿ ಕತ್ತರಿಸಿ ಗಿಡ್ಡ ಮಾಡಿದಷ್ಟೂ ಗಡುಸಾಗುತ್ತದೆ. ನಾಗಮಂಗಲದ ಎರಕದವರ ಹತ್ತಿರ ಅಪ್ಪ ತಾವೇ ಹೋಗಿ ಸಣ್ಣ ಹಿತ್ತಾಳೆ ಮೊನೆಗಳನ್ನು ಹುಯ್ಯಿಸಿಕೊಂಡು ಬಂದರು. ನಾನು ಅವನ್ನು ಶಾಲೆಯ ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಿ, ಅರದಿಂದ ಉಜ್ಜಿ, ಎಲ್ಲ ಒಂದೇ ತೂಕಕ್ಕೆ ತಂದೆ. ಕೊಬ್ಬು ಇಳಿದ ಮೇಲೆ ನಾನೂ ಕೆಲಸಕ್ಕೆ ಬಂದೆ ಎನ್ನಬೇಕು.

ಗರಿಯನ್ನು ಮಾತ್ರ ಅವರು ಕಟ್ಟುತ್ತಲೇ ಇರಲಿಲ್ಲ. ಮೂರು ಶನಿವಾರ ಬೋಳು ಕಡ್ಡಿಯನ್ನೇ ಅಪ್ಪನ ಕೈಯಲ್ಲಿ ಬಿಡಿಸಿದರು. ಅಪ್ಪನಿಗೆ ರೇಗಿತು. “ಗರಿ ಇಲ್ಲದ ಬಾಣ ಬಿಡಿಸ್ತೀಯಲ್ಲಮ್ಮ, ರೆಕ್ಕೆಯಿಲ್ಲದ ಹಕ್ಕಿ ಹಾರಿಸಿದ ಹಾಗೆ” ಎಂದರು.

“ಗರಿ ಬಾಣದ ತಪ್ಪನ್ನ ಮುಚ್ಕೋತದೆ ಐನೋರೆ. ಬೋಳಾಗಿದ್ರೆ ಅದ್ರ ಗುಣ ಗೊತ್ತಾಯ್ತದೆ. ಒಸಿ ತಾಳ್ಮೆ ಮಡಿಕಳಿ” ಎಂದು ಅವರು ಬಲಕ್ಕೆ ಹೋದ ಕಡ್ಡಿಯ ತುದಿಯನ್ನು ಅಕ್ಕಿಕಾಳಿನಷ್ಟು ಕತ್ತರಿಸಿ ಮತ್ತೆ ಕೈಗೆ ಕೊಟ್ಟರು.

ಶ್ರಾವಣ ಮುಗಿಯುವ ಹೊತ್ತಿಗೆ ಬೋಳು ಕಡ್ಡಿ ನೆಟ್ಟಗೆ ಹೋಗಿ ಗೋಣಿಚೀಲದ ನಡುವೆ ನಿಲ್ಲತೊಡಗಿತು. ಮೊದಲ ಸಲ ಹಾಗೆ ನಿಂತಾಗ ಅಪ್ಪ ಬಿಲ್ಲು ಕೆಳಗಿಟ್ಟರು. ಹೋಗಿ ಬಾಣ ಕಿತ್ತುಕೊಂಡು ಬಂದು, ಮತ್ತೆ ಬಿಟ್ಟರು. ಮತ್ತೆ ನಿಂತಿತು. ಭಾಗ್ಯಮ್ಮ ಎಳನೀರು ಕೊಚ್ಚಿ ಕೊಟ್ಟರೆ ಅಪ್ಪ ಕುಡಿಯದೆ ಹಾಗೇ ಹಿಡಿದುಕೊಂಡು ನಿಂತಿದ್ದರು. ಬಲಗೈಯಲ್ಲೇ ಹಿಡಿದಿದ್ದರು, ಎಡಗೈಯ ಆಸರೆಯಿರಲಿಲ್ಲ. ನಾನು ಹಸುವಿನ ಕಡೆ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡೆ.

ಹೆಂಗಸರಿಗೆ ಟಿಕೆಟ್ ಬೇಡವಾದ ಮೇಲೆ ನಮ್ಮ ಕಡೆಯ ಬಸ್ಸುಗಳಲ್ಲಿ ಗಂಡಸರು ಉಸಿರಾಡಿದರೆ ಅದೇ ಹೆಚ್ಚು. ಆ ನೂಕುನುಗ್ಗಲಿನಲ್ಲಿ ಬಿಲ್ಲು ಎಲ್ಲರ ಪಕ್ಕೆಗೂ ತಿವಿಯುತ್ತಿತ್ತು. “ಯಾರಿಗ್ ಗುರಿ ಮಡಗಿದ್ದೀರಿ ಸ್ವಾಮಿ?” ಎಂದು ಕಂಡಕ್ಟರ್ ಚೇಷ್ಟೆ ಮಾಡಿದರೆ ಅಪ್ಪ, “ನೀನು ಚಿಲ್ಲರೆ ಕೊಡದಿದ್ದರೆ ನಿನಗೇ” ಎಂದರು. ಬಸ್ಸೆಲ್ಲ ನಕ್ಕಿತು. ಎರಡು ವರ್ಷದ ಮೇಲೆ ಅವರು ತಮಾಷೆ ಮಾಡಿದ್ದು ಅದೇ ಮೊದಲು. ಈಗ ಹೇಳಿಬಿಡೋಣ, ಠರಾವಿಗೆ ನಾನೂ ಒಪ್ಪಿದ್ದೆ ಎಂದುಬಿಡೋಣ ಎಂದು ಬಾಯಿ ತೆರೆದೆ. ಅವರ ನಗು ನೋಡಿ ಬಾಯಿ ಮುಚ್ಚಿಕೊಂಡೆ.

ಭಾದ್ರಪದದಲ್ಲಿ ಅಧ್ಯಕ್ಷರ ಮನೆಗೆ ಹೋಗಿ ಎಲ್ಲ ವಿವರಿಸಿದೆ. ಅವರು, “ಈ ವರ್ಷ ಬಿಡಲಿ. ಡೋಲಿನವರನ್ನ ಹಿಂದೆ ನಿಲ್ಲಿಸೋಣ. ಆದರೆ ಈ ಸಲವೂ ತಪ್ಪಿದರೆ ಇನ್ನು ಯಾರೂ ಮಾತೆತ್ತೋದು ಬೇಡ, ನೀನೂ ಕೂಡ” ಎಂದರು. ಅಂದರೆ ಇದೇ ಕಡೆಯ ಅವಕಾಶ. ಅಪ್ಪನಿಗೆ ಹಾಗೇ ತಿಳಿಸಿದೆ. ಅವರು “ಆಗಲಿ” ಎಂದರು.

ಗರಿಗೆ ನವಿಲು ಉದುರಿಸಿದ ರೆಕ್ಕೆಯ ಗರಿಗಳೇ ಆದವು, ಆ ಕಡೆಯ ಗದ್ದೆಗಳಲ್ಲಿ ನವಿಲಿಗೇನು ಬರವಿಲ್ಲ. ಒಂದು ಬಾಣದ ಮೂರು ಗರಿಯೂ ಒಂದೇ ಕಡೆಯ ರೆಕ್ಕೆಯದಾಗಿರಬೇಕೆಂದು ಭಾಗ್ಯಮ್ಮ ವಿಂಗಡಿಸಿದರು. ಅಂಟಿಸುವಾಗ ತಕರಾರು ಬಂತು. ಅಂಗಡಿಯ ಗೋಂದು ದೇವರ ಬಾಣಕ್ಕೆ ಬೇಡ, ಅದರಲ್ಲಿ ಏನೇನು ಹಾಕಿರುತ್ತಾರೋ ಎಂದು ಅಪ್ಪ ಪಟ್ಟು ಹಿಡಿದರು. ಮಡಿಗೆ ಬರುವಂಥದ್ದು ಬೇವಿನ ಮರದ ಅಂಟು ಎಂದು ತಾವೇ ಬಿಡಿಸಿಕೊಂಡು ಬಂದರು. ಭಾಗ್ಯಮ್ಮ, “ನಿಮ್ಮಿಷ್ಟ ಐನೋರೆ, ಒಣಗಿದ್ ಮ್ಯಾಲೆ ಚೆನ್ನಾಗೇ ಕಚ್ಕೋತದೆ” ಎಂದು ಅದರಲ್ಲೇ ಅಂಟಿಸಿದರು. ಗರಿ ಬಂದ ಮೇಲೆ ಬಾಣ ಹೋಗುವುದು ಕಾಣುತ್ತಲೇ ಇರಲಿಲ್ಲ, ನಾಟಿದ್ದು ಮಾತ್ರ ಕಾಣುತ್ತಿತ್ತು. ಮೂರು ದೇವರಿಗೆ, ಒಂದು ಹೆಚ್ಚಿಗೆ ಎಂದು ನಾಲ್ಕು ಬಾಣ ಕೊಟ್ಟರು.

ಆಯುಧಪೂಜೆಯ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಗುಡಿಗೆ ಹೋದೆ. ಅಪ್ಪ ಹೋಮದ ಕಟ್ಟಿಗೆ ಜೋಡಿಸುತ್ತಿದ್ದರು. ಪಕ್ಕದಲ್ಲಿ ತಾಮ್ರದ ಕೊಳಗ. ಅದರೊಳಗೆ ನಾಲ್ಕು ಬಾಣಗಳನ್ನು ಗರಿಯ ಕಡೆ ಕೆಳಗೆ ಮಾಡಿ ನಿಲ್ಲಿಸಿದ್ದರು. ಅರಿಸಿನದ ನೀರಿನ ಮೇಲೆ ನವಿಲಿನ ಗರಿಗಳು ತೇಲುತ್ತಿದ್ದವು.

ಪ್ರತಿ ವರ್ಷದಂತೆ ಬಾಣಗಳನ್ನು ಶುದ್ಧಿಗೆಂದು ನೆನೆಹಾಕಿದ್ದರು. ತೇಗದ ಬಾಣಕ್ಕೂ, ಹಿಂದಿನ ದಾರ ಕಟ್ಟಿದ ಬಾಣಗಳಿಗೂ ಅದರಿಂದ ಏನೂ ಆಗುತ್ತಿರಲಿಲ್ಲ. ಬೇವಿನ ಅಂಟು ನೀರಿಗೆ ಕರಗಿತ್ತು. ಮಡಿಗೆಂದು ಅಂಟು ಆರಿಸಿದವರೂ ಅಪ್ಪನೇ, ಮಡಿಗೆಂದು ಮುಳುಗಿಸಿದವರೂ ಅಪ್ಪನೇ.

ನನ್ನ ಸಿಟ್ಟು ನೆತ್ತಿಗೇರಿತು. ಗುಡಿಯೊಳಗಿದ್ದೇನೆ ಎನ್ನುವುದನ್ನೂ ಮರೆತು, “ಇಷ್ಟು ತಿಂಗಳ ಕೆಲಸ ಅಪ್ಪ! ಒಂದು ಮಾತು ಕೇಳಬಾರದಿತ್ತಾ? ನಿಮ್ಮ ಮಡಿಗೆ ಬೆಂಕಿ ಬಿತ್ತು!” ಎಂದು ಕೂಗಿಬಿಟ್ಟೆ. ಅಪ್ಪ ಕೈಯಲ್ಲಿದ್ದ ಕಟ್ಟಿಗೆ ಕೆಳಗಿಟ್ಟರು. ಕೊಳಗದೊಳಗೆ ಕೈಹಾಕಿ ಒಂದು ಗರಿ ಎತ್ತಿ, ನೀರು ಸೋರುವವರೆಗೆ ಹಿಡಿದುಕೊಂಡಿದ್ದರು. “ಅಧ್ಯಕ್ಷರಿಗೆ ಹೇಳಿಬಿಡು. ನಾಳೆ ಕೈಯಿಂದಲೇ ಸಮರ್ಪಿಸ್ತೀನಿ” ಎಂದರು. ಆ ಮೆತ್ತಗಿನ ದನಿ ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಆಡಿದ ಮಾತು ಮಾತ್ರ ಆಡಿಯಾಗಿತ್ತು.

ಅಧ್ಯಕ್ಷರಿಗೆ ಹೇಳಲಿಲ್ಲ. ಭಾಗ್ಯಮ್ಮನಿಗೆ ಫೋನ್ ಮಾಡಿದೆ. ಅತ್ತ ಟ್ರಾಕ್ಟರಿಗೆ ಕುಂಬಳಕಾಯಿ ಒಡೆಯುವ ಸದ್ದು ಕೇಳುತ್ತಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ, “ಬತ್ತೀನಿ, ಇರಿ” ಎಂದಷ್ಟೇ ಹೇಳಿದರು. ಮೂರು ಗಂಟೆಯ ಹೊತ್ತಿಗೆ ಗಂಡನ ಟಿ.ವಿ.ಎಸ್. ಗಾಡಿಯ ಹಿಂದೆ ಕೂತು, ಹಣೆಯ ತುಂಬ ಕುಂಕುಮ ಇಟ್ಟುಕೊಂಡೇ ಬಂದಿಳಿದರು. ಕೈಯಲ್ಲಿ ಗರಿಗಳ ಪೊಟ್ಟಣ, ಒಂದು ಉಂಡೆ ನೂಲು.

ಗುಡಿಯ ಜಗಲಿಯ ಮೇಲೆ ಕೂತು ಅವರು ಅಪ್ಪನನ್ನು ಬಯ್ಯಲಿಲ್ಲ. ತಮ್ಮನ್ನೇ ಬಯ್ದುಕೊಂಡರು.

“ನಂದೇ ತಪ್ಪು ಐನೋರೆ. ನಮ್ ಸೌಮ್ಯ ಬುಡೋ ಬಾಣ ತಿದ್ದಿದಂಗೆ ನಿಮ್ದನ್ನೂ ತಿದ್ದ್‌ಬುಟ್ಟೆ. ದೇವ್ರ ಬಾಣಕ್ಕೆ ಏನೇನ್ ಆಯ್ತದೆ ಅಂತ ಕೇಳ್ಲೇ ಇಲ್ಲ. ನೀರಾಕ್ತೀರಿ, ಆಮ್ಯಾಕೆ?”

“ಗಂಧ ಹಚ್ಚಬೇಕು. ಮೊನೆಗೆ ಅರಿಸಿನದ ದಾರದ ಕಂಕಣ. ಕುಂಕುಮ. ನಾಳೆ ಬಿಡುವ ಮುಂಚೆ ತುಳಸಿಯಿಂದ ನಾಲ್ಕು ಹನಿ ಪ್ರೋಕ್ಷಣೆ.”

“ಎಲ್ಲಾನೂ ಮಾಡಿ. ಒಂದೂ ಬುಡಬ್ಯಾಡಿ. ಎಂಗ್ ಬುಡ್ತೀರೋ ಅಂಗೇ ಇರೋ ಬಾಣವ ತಿದ್ದಬೇಕು.”

ಅಂಟಿನ ತಂಟೆಯೇ ಬೇಡವೆಂದು ಹೊಸ ಗರಿಗಳನ್ನು ನೂಲಿನಿಂದ ಸುತ್ತಿ ಸುತ್ತಿ ಕಟ್ಟಿದರು. ಅಪ್ಪ ಗಂಧ ತೇಯ್ದು ಎಂದಿನಂತೆ ಧಾರಾಳವಾಗಿ ಹಚ್ಚಿದರು, ಕಂಕಣ ಕಟ್ಟಿದರು. ನಾಲ್ಕರಲ್ಲಿ ಒಂದನ್ನು ಈಗಲೇ ಬಿಟ್ಟು ನೋಡಬೇಕು ಎಂದಾಗ ಮಾತ್ರ ತಡೆದರು. “ಪೂಜೆಯಾದ ಬಾಣ ದೇವರಿಗಿಂತ ಮುಂಚೆ ಬಿಡೋ ಹಾಗಿಲ್ಲವಲ್ಲಮ್ಮ.”

ಭಾಗ್ಯಮ್ಮ ಕೈಮುಗಿದರು. “ನೈವೇದ್ಯ ಮಾಡೋರು ಉಪ್ಪು ಸರಿಯಾಗದಾ ಅಂತ ಬಾಯಿಗಾಕ್ಕಳಕಿಲ್ಲ, ನಿಜ. ಆದ್ರೆ ಅನ್ನ ಬೆಂದದಾ ಅಂತ ಒಂದ್ ಅಗುಳ ಇಸುಕಿ ನೋಡಕಿಲ್ವಾ ಐನೋರೆ?”

ಅಪ್ಪ ಯೋಚಿಸಿದರು. ಆಮೇಲೆ ಒಂದು ಬಾಣ ಎತ್ತಿಕೊಂಡು ಗುಡಿಯ ಹಿಂದಿನ ಹಿತ್ತಲಿಗೆ ನಡೆದರು.

ಬಾಳೆಯ ಬುಡಕ್ಕೆ ಬಿಟ್ಟ ಬಾಣ ಬಲಕ್ಕೆ ಒಂದು ಗೇಣು ಹೋಯಿತು. ಗಂಧ, ಕಂಕಣ ಸೇರಿ ಮೊನೆಯ ಕಡೆ ಭಾರ ಹೆಚ್ಚಾಗಿತ್ತು. ಗಂಧ ಕಡಿಮೆ ಮಾಡಿ ಎಂದು ಹೇಳಲು ನನ್ನ ನಾಲಿಗೆ ತುರಿಸುತ್ತಿತ್ತು. ಭಾಗ್ಯಮ್ಮ ಹಾಗೆ ಹೇಳಲಿಲ್ಲ. ಬಾಣದ ಹಿಂಬದಿಯನ್ನು ಅರ್ಧ ಬೆರಳು ಕತ್ತರಿಸಿ, ಹೆದೆ ಕೂರುವ ಕಚ್ಚು ಹೊಸದಾಗಿ ಕೊರೆದು, ಗರಿ ಮುಂದಕ್ಕೆ ಕಟ್ಟಿ ಕೊಟ್ಟರು. ಮತ್ತೆ ಬಲಕ್ಕೆ, ಆದರೆ ನಾಲ್ಕು ಬೆರಳು. ಮತ್ತೆ ಒಂಚೂರು ಕತ್ತರಿಸಿದರು. ನಾಲ್ಕನೆಯ ಸಲ ಬಾಣ ಬಾಳೆಗೆ ನಾಟಿತು. ಐದನೆಯ ಸಲವೂ ನಾಟಿತು. ಬೆಳಕು ಇಳಿಯುವ ಮುಂಚೆ ಉಳಿದ ಮೂರನ್ನೂ ಅದೇ ಅಳತೆಗೆ ಕತ್ತರಿಸಿ ಕಟ್ಟಿ ಮುಗಿಸಿದರು. ಅಮ್ಮ ಅವರಿಬ್ಬರನ್ನೂ ಊಟ ಮಾಡಿಸಿಯೇ ಕಳಿಸಿದಳು.

ವಿಜಯದಶಮಿಯ ಸಂಜೆ ಮೋಡವಿತ್ತು, ಮಳೆಯಿರಲಿಲ್ಲ. ಕಾವೇರಿ ತುಂಬಿ ತೋಟದ ಬೇಲಿಯವರೆಗೂ ಬಂದಿದ್ದಳು. ಹಿಂದಿನ ವರ್ಷದ ವಿಡಿಯೋ ಪುಣ್ಯದಿಂದ ಎಂದೂ ಇಲ್ಲದಷ್ಟು ಜನ. ಅರ್ಧ ಜನ ಮೊಬೈಲ್ ಎತ್ತಿ ಹಿಡಿದೇ ನಿಂತಿದ್ದರು. ಡೋಲಿನವರನ್ನು ಹಿಂದೆ ನಿಲ್ಲಿಸಿದ್ದರೂ ಅವರು ತೆಂಗಿನ ಮರದ ಮರೆ ಹುಡುಕಿಕೊಂಡಿದ್ದರು. ಭಾಗ್ಯಮ್ಮ ಬಸ್ಸಿನಲ್ಲಿ ಬಂದು ಹೆಂಗಸರ ಗುಂಪಿನ ಹಿಂದೆ ನಿಂತಿದ್ದರು.

ಅಪ್ಪ ತುಳಸಿಯಿಂದ ನಾಲ್ಕು ಹನಿ ಚಿಮುಕಿಸಿದರು. ಹೆದೆಗೆ ಬಾಣ ಹೂಡಿದರು. ಎಳೆಯುವಾಗ ಅವರ ಮೊಣಕೈ ಒಮ್ಮೆ ಅದುರಿತು. ಅದುರು ನಿಲ್ಲುವವರೆಗೆ ಅವರು ಕಾದರು, ಆಮೇಲೆ ಬಿಟ್ಟರು.

ಎಳನೀರಿಗೆ ಕತ್ತಿ ಬಿದ್ದಂಥ ಮೆತ್ತನೆಯ ಸದ್ದು ಬಂತು. ಬಾಳೆಕಂದಿನ ನಟ್ಟನಡುವೆ ನವಿಲುಗರಿ ಅಲುಗುತ್ತಿತ್ತು. ಆಮೇಲೆ ಮರದ ಮರೆಯಿಂದ ಡೋಲು ಬಾರಿಸಿದ ರೀತಿಗೆ ಚರ್ಮ ಮತ್ತೆ ಹರಿಯಬೇಕಿತ್ತು. ಎರಡನೆಯದೂ ನಾಟಿತು. ಮೂರನೆಯದು ಎರಡನೆಯದರ ಮಗ್ಗುಲಿಗೇ ಹೋಗಿ ಕೂತಿತು.

ಜನ ಬನ್ನಿ ಸೊಪ್ಪಿಗೆ ಮುಗಿಬಿದ್ದರು. ನಾನು ಒಂದು ಹಿಡಿ ಕಿತ್ತುಕೊಂಡು ಹೋಗಿ ಅಪ್ಪನ ಕೈಗಿಟ್ಟು ಕಾಲಿಗೆ ನಮಸ್ಕಾರ ಮಾಡಿದೆ. ಕೂತಲ್ಲಿಂದಲೇ ಹೇಳಿಬಿಟ್ಟೆ. “ಅಪ್ಪ, ಬಾಣ ಬೇಡ ಅಂತ ಕಮಿಟಿ ಹೇಳಿದಾಗ ನಾನೂ ತಲೆಯಾಡಿಸಿದ್ದೆ. ಠರಾವು ಬರೆದವಳೂ ನಾನೇ. ಕ್ಷಮಿಸಿಬಿಡಿ.”

ಅಪ್ಪ ನನ್ನ ತೋಳು ಹಿಡಿದು ಎಬ್ಬಿಸಿದರು. ಗಲಾಟೆಯಲ್ಲಿ ನನಗಷ್ಟೇ ಕೇಳುವ ಹಾಗೆ ಹೇಳಿದರು. “ಸಭೆಗೆ ಹಿಂದಿನ ದಿನ ಅಧ್ಯಕ್ಷರ ಮನೆಗೆ ಹೋಗಿ, ನನ್ನ ಕೈ ಹೋಯ್ತು, ಯಾರನ್ನಾದ್ರೂ ಕೊಂದುಬಿಡ್ತೀನಿ, ಬಾಣ ನಿಲ್ಲಿಸಿಬಿಡಿ ಅಂತ ಕೇಳಿಕೊಂಡವನು ನಾನೇ ಕಣಮ್ಮ. ಮನೆಯವರಿಗೆ ಹೇಳಬೇಡಿ ಅಂದಿದ್ದೆ. ನನಗೇ ನನ್ನ ಕೈಯ ಮೇಲೆ ನಂಬಿಕೆ ಇರಲಿಲ್ಲ. ನಿನಗೆ ಎಲ್ಲಿಂದ ಬರಬೇಕು?”

ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಗೊತ್ತಿಲ್ಲ. ಅವರು ಜನರ ತಲೆಗಳ ಮೇಲಿಂದ ಯಾರನ್ನೋ ಹುಡುಕುತ್ತಿದ್ದರು.

“ನನ್ನ ಮುಖ ಕೂಡ ನೋಡದೆ ಈ ಕೈಯಲ್ಲಿ ದೋಷವಿಲ್ಲ ಅಂದವರು ಒಬ್ಬರೇ” ಎಂದರು. ದೇವರ ಪಾದದ ಹತ್ತಿರ ಇಟ್ಟಿದ್ದ ಬನ್ನಿಯನ್ನು ಎರಡೂ ಕೈಯಲ್ಲಿ ತುಂಬಿಕೊಂಡು, ಅಧ್ಯಕ್ಷರು ತೀರ್ಥಕ್ಕೆ ಕೈಚಾಚಿ ನಿಂತಿರುವುದನ್ನೂ ನೋಡದೆ, ಅಪ್ಪ ಹೆಂಗಸರ ಗುಂಪಿನ ಕಡೆಗೆ ಬಿರಬಿರನೆ ನಡೆದರು.